ಹುಳಿ ಮಣ್ಣಿನ ನೀಲಿ ಹಣ್ಣು

ಚಿತ್ರದುರ್ಗ ಸೀಮೆಯ ಹಿರೇಗುಂಟನೂರಿನ ಹೊಲದಲ್ಲಿ ಒಂದು ಬ್ಲೂಬೆರಿ ಗಿಡ ನೆಟ್ಟರೆ ಏನಾಗುತ್ತದೆ ಎಂಬುದನ್ನು ನೆಡುವ ಮೊದಲೇ ಹೇಳಬಹುದು. ಕೆಲವು ವಾರ ಗಿಡ ನಳನಳಿಸುತ್ತದೆ. ಆಮೇಲೆ ಚಿಗುರೆಲೆ ಹಳದಿಯಾಗುತ್ತದೆ, ಎಲೆಯ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಅಂಚು ಸುಡುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಒಂದೆರಡು ಬೇಸಿಗೆಯೊಳಗೆ ಗಿಡ ಒಣಗುತ್ತದೆ. ಸುಣ್ಣದಂಶ ಜಾಸ್ತಿ ಇರುವ ಹೊಲದಲ್ಲಿ ಶೇಂಗಾ ಹಾಕಿದವರಿಗೆ ಈ ಹಳದಿ ಹೊಸದಲ್ಲ. ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ಸಿಗದ ಸ್ಥಿತಿ ಅದು. ಶೇಂಗಾ ಹೇಗೋ ತಡೆದುಕೊಂಡು ಕಾಯಿ ಕಟ್ಟುತ್ತದೆ. ಬ್ಲೂಬೆರಿ ತಡೆದುಕೊಳ್ಳುವುದಿಲ್ಲ.

ಈ ಮಾತು ಈಗ ಏಕೆ ಎಂದರೆ, ನಮ್ಮ ಕಡೆಯ ರೈತರು ಈ ಹಣ್ಣಿನ ಬಗ್ಗೆ ಕೇಳತೊಡಗಿದ್ದಾರೆ. ಹೊಸದುರ್ಗ, ಹಿರಿಯೂರು ಸೀಮೆಯ ದಾಳಿಂಬೆ ತೋಟಗಳನ್ನು ದುಂಡಾಣು ಅಂಗಮಾರಿ ಹಾಳುಮಾಡಿದ ಮೇಲೆ ಹೊಸ ಬೆಳೆಯ ಹುಡುಕಾಟ ನಿಂತಿಲ್ಲ. ಡ್ರ್ಯಾಗನ್ ಫ್ರೂಟ್ ಬಂತು, ಈಗ ಮೊಬೈಲಿನಲ್ಲಿ ಬ್ಲೂಬೆರಿಯ ವಿಡಿಯೋ ಹರಿದಾಡುತ್ತಿದೆ. ಬೆಂಗಳೂರಿನ ಅಂಗಡಿಯಲ್ಲಿ ನೂರಿಪ್ಪತ್ತೈದು ಗ್ರಾಮಿನ ಡಬ್ಬಿಗೆ ನೂರಾರು ರೂಪಾಯಿ ಕೊಟ್ಟವರು ಲೆಕ್ಕ ಹಾಕಿ ಎಕರೆಗೆ ಲಕ್ಷಗಳನ್ನು ತೋರಿಸುತ್ತಾರೆ. ಸಾಲ ಮಾಡಿ ಸಸಿ ತರುವ ಮೊದಲು ಈ ಗಿಡದ ಸ್ವಭಾವವನ್ನು ತಿಳಿಯಬೇಕು. ಅದರ ಸ್ವಭಾವದ ಬೀಗದ ಕೈ ಒಂದೇ: ಹುಳಿ ಮಣ್ಣು.

ಬ್ಲೂಬೆರಿ ವ್ಯಾಕ್ಸೀನಿಯಂ ಎಂಬ ಕುಲದ ಪೊದೆ. ಅದರ ಕುಟುಂಬ ಎರಿಕೇಸಿಯೆ. ಹಿಮಾಲಯದಲ್ಲೂ ನೀಲಗಿರಿಯಲ್ಲೂ ಕೆಂಪಗೆ ಅರಳುವ ರೋಡೋಡೆಂಡ್ರಾನ್ ಮರ ಇದರ ನೆಂಟ. ಈ ಕುಟುಂಬದ ಬಹುತೇಕ ಗಿಡಗಳು ಜೌಗು, ಕೊಳೆತ ಎಲೆ, ಮರಳು ಕೂಡಿದ, ಬಡವಾದ ಹುಳಿ ನೆಲದಲ್ಲಿ ಬದುಕಲು ಕಲಿತವು. ಬ್ಲೂಬೆರಿಯ ಬೇರು ಕೂದಲಿನಷ್ಟು ಸಣ್ಣದು, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಬೇರೆ ಗಿಡಗಳ ಬೇರಿಗಿರುವ ರೋಮಗಳು ಇದಕ್ಕಿಲ್ಲ. ಆ ಕೆಲಸವನ್ನು ಬೇರಿನ ಜೀವಕೋಶದೊಳಗೇ ಮನೆ ಮಾಡಿಕೊಂಡ ಒಂದು ಬಗೆಯ ಶಿಲೀಂಧ್ರ ಮಾಡಿಕೊಡುತ್ತದೆ. ಸಾರಜನಕವನ್ನೂ ಬ್ಲೂಬೆರಿ ನೈಟ್ರೇಟ್ ರೂಪಕ್ಕಿಂತ ಅಮೋನಿಯಂ ರೂಪದಲ್ಲಿ ಚೆನ್ನಾಗಿ ಹೀರುತ್ತದೆ. ಅದಕ್ಕೆ ಹಿತವಾದ ರಸಸಾರ, ಅಂದರೆ ಪಿಎಚ್, 4.5ರಿಂದ 5.5. ನಮ್ಮ ಕೆಂಪು ಜಮೀನಿನದು ಹೆಚ್ಚುಕಡಿಮೆ 7ರ ಆಸುಪಾಸು, ಎರೆ ಭೂಮಿಯದು 8 ದಾಟುತ್ತದೆ. ಈ ಅಳತೆಯಲ್ಲಿ ಒಂದು ಅಂಕಿ ಎಂದರೆ ಹತ್ತು ಪಟ್ಟು. ಏಳೂವರೆಯ ಮಣ್ಣಿಗೂ ನಾಲ್ಕೂವರೆಯ ಮಣ್ಣಿಗೂ ಹುಳಿಯಲ್ಲಿ ಸಾವಿರ ಪಟ್ಟು ಅಂತರ. ಎರಡು ಚೀಲ ಗಂಧಕ ಎರಚಿ ದಾಟುವ ಅಂತರ ಇದಲ್ಲ. ದಾಟಿಸಿದರೂ ಬೋರ್‌ವೆಲ್ಲಿನ ಗಡಸು ನೀರು ಬಿಟ್ಟಾಗಲೆಲ್ಲ ಮಣ್ಣು ತಿರುಗಿ ಹಳೆಯ ಸ್ಥಿತಿಗೆ ಹೋಗುತ್ತದೆ.

ಇಷ್ಟು ಸರಳ ಸಂಗತಿ ಅಮೆರಿಕದವರಿಗೇ ನೂರಿಪ್ಪತ್ತು ವರ್ಷದ ಹಿಂದೆ ಗೊತ್ತಿರಲಿಲ್ಲ. ಅಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ಕಾಡಿನ ಬ್ಲೂಬೆರಿ ಕಿತ್ತು ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಬಂದು ನೆಲೆಸಿದ ಬಿಳಿಯರು ಅದನ್ನು ತೋಟಕ್ಕೆ ತಂದಾಗಲೆಲ್ಲ ಗಿಡ ಸತ್ತಿತು. ತೋಟದ ಒಳ್ಳೆಯ ಮಣ್ಣು, ಗೊಬ್ಬರ, ಸುಣ್ಣ ಎಲ್ಲ ಕೊಟ್ಟೇ ಅವರು ಅದನ್ನು ಕೊಂದರು. ಈ ಹಣ್ಣು ಬೇಸಾಯಕ್ಕೆ ಒಗ್ಗದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಒಪ್ಪದವನು ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೋವಿಲ್. 1906ರಲ್ಲಿ ಅವನು ಪ್ರಯೋಗ ಶುರು ಮಾಡಿದ. ಕುಂಡಗಳಲ್ಲಿ ಬಗೆಬಗೆಯ ಮಣ್ಣು ತುಂಬಿ ಬೆಳೆಸಿ ನೋಡಿ, ಈ ಗಿಡಕ್ಕೆ ಫಲವತ್ತಾದ ಮಣ್ಣಲ್ಲ, ಹುಳಿ ಮಣ್ಣು ಬೇಕು ಎಂದು ಕಂಡುಕೊಂಡ. 1910ರಲ್ಲಿ ಅದನ್ನು ಇಲಾಖೆಯ ಪ್ರಕಟಣೆಯಾಗಿ ಹೊರತಂದ. ಚಳಿಯ ಕಾಲ ಕಳೆಯದೆ ಮೊಗ್ಗು ಒಡೆಯುವುದಿಲ್ಲ, ಒಂದೇ ಗಿಡದ ಪರಾಗದಿಂದ ಹಣ್ಣು ಚೆನ್ನಾಗಿ ಕಟ್ಟುವುದಿಲ್ಲ ಎಂಬುದನ್ನೂ ಅವನೇ ಮುಂದೆ ತೋರಿಸಿಕೊಟ್ಟ.

ಆ ಪ್ರಕಟಣೆಯನ್ನು ನ್ಯೂಜೆರ್ಸಿಯ ವೈಟ್ಸ್‌ಬಾಗ್ ಎಂಬಲ್ಲಿ ಎಲಿಜಬೆತ್ ವೈಟ್ ಓದಿದಳು. ಅವಳ ಮನೆತನದ್ದು ಕ್ರ್ಯಾನ್‌ಬೆರಿಯ ದೊಡ್ಡ ಜೌಗು ತೋಟ. ಅದೂ ಹುಳಿ ನೆಲವೇ. ನೀವು ನಮ್ಮ ನೆಲದಲ್ಲಿ ಪ್ರಯೋಗ ಮಾಡಿ ಎಂದು 1911ರಲ್ಲಿ ಅವಳು ಕೋವಿಲ್‌ನನ್ನು ಕರೆದಳು. ಅವಳು ಮಾಡಿದ ಇನ್ನೊಂದು ಕೆಲಸ ನನಗೆ ಕೋವಿಲ್‌ನ ಪ್ರಯೋಗಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸುತ್ತಲಿನ ಕಾಡಿನಲ್ಲಿ ಹಣ್ಣು ಕಿತ್ತು ಮಾರುತ್ತಿದ್ದ ಬಡವರಿಗೆ ಯಾವ ಪೊದೆಯ ಹಣ್ಣು ದಪ್ಪ, ಯಾವುದು ರುಚಿ ಎಂದು ಗೊತ್ತಿತ್ತು. ವೈಟ್ ಅವರ ಕೈಗೆ ತೂತಿರುವ ಅಳತೆಪಟ್ಟಿ ಕೊಟ್ಟಳು. ಸುಮಾರು 16 ಮಿಲಿಮೀಟರಿನ ಆ ತೂತಿನಲ್ಲಿ ತೂರದಷ್ಟು ದಪ್ಪ ಹಣ್ಣಿನ ಪೊದೆ ತೋರಿಸಿದವರಿಗೆ ಹಣ ಕೊಟ್ಟಳು, ಪೊದೆಗೆ ಕಂಡುಹಿಡಿದವನ ಹೆಸರನ್ನೇ ಇಟ್ಟಳು. ರೂಬ್ ಲೀಕ್ ಎಂಬಾತ ತೋರಿಸಿದ ಪೊದೆ ‘ರೂಬೆಲ್’ ಆಯಿತು. ಆ ತಳಿ ಇವತ್ತಿಗೂ ತೋಟಗಳಲ್ಲಿದೆ. 1916ರಲ್ಲಿ ವೈಟ್ಸ್‌ಬಾಗ್‌ನಿಂದ ಬೇಸಾಯದ ಮೊದಲ ಬ್ಲೂಬೆರಿ ಫಸಲು ಮಾರುಕಟ್ಟೆಗೆ ಹೋಯಿತು. ಇಷ್ಟು ಈಚಿನ ಬೆಳೆ ಇದು. ನಮ್ಮ ಮಾರಿಕಣಿವೆಯ ವಾಣಿವಿಲಾಸ ಸಾಗರದ ಕಟ್ಟೆ ಅದಕ್ಕಿಂತ ಒಂಬತ್ತು ವರ್ಷ ಹಿರಿಯದು.

ವೈಟ್ ಮತ್ತು ಕೋವಿಲ್ ಪಳಗಿಸಿದ್ದು ಆಳೆತ್ತರ ಬೆಳೆಯುವ ಹೈಬುಷ್ ಜಾತಿ. ಇವತ್ತು ಅಂಗಡಿಯಲ್ಲಿ ಸಿಗುವ ತಾಜಾ ಹಣ್ಣಿನ ಬಹುಪಾಲು ಅದರ ಸಂತತಿಯೇ. 1952ರಲ್ಲಿ ಬಿಡುಗಡೆಯಾದ ‘ಬ್ಲೂಕ್ರಾಪ್’ ಅದರಲ್ಲಿ ಹೆಸರಾದ ತಳಿ. ಆದರೆ ಅದಕ್ಕೆ 7 ಡಿಗ್ರಿಗಿಂತ ಕೆಳಗಿನ ಚಳಿ ಎಂಟುನೂರರಿಂದ ಸಾವಿರ ಗಂಟೆ ಬೇಕು. ಚಿತ್ರದುರ್ಗದ ಮಾಗಿಯಲ್ಲಿ ಅಂಥ ಒಂದು ಗಂಟೆಯೂ ಸಿಗುವುದು ಕಷ್ಟ. ಮೊಣಕಾಲೆತ್ತರದ ಲೋಬುಷ್ ಇನ್ನೂ ಉತ್ತರದ್ದು. ಮೇಯ್ನ್ ರಾಜ್ಯದಲ್ಲೂ ಕೆನಡಾದ ಪೂರ್ವ ತೀರದಲ್ಲೂ ಅದು ನೆಲದಡಿ ಕಾಂಡ ಹರಡಿ ತಾನಾಗಿ ಹಬ್ಬಿದೆ. ಅದನ್ನು ಯಾರೂ ನೆಡುವುದಿಲ್ಲ, ಎರಡು ವರ್ಷಕ್ಕೊಮ್ಮೆ ಸುಟ್ಟೋ ಸವರಿಯೋ ಹೊಸ ಚಿಗುರು ಬರಿಸುತ್ತಾರೆ. ಅದರ ಸಣ್ಣ ಹಣ್ಣು ಹೆಚ್ಚಾಗಿ ಹೆಪ್ಪುಗಟ್ಟಿಸಿ ಬೇಕರಿಗಳಿಗೆ ಹೋಗುತ್ತದೆ.

ದಕ್ಷಿಣದ ಜಾರ್ಜಿಯಾ, ಫ್ಲಾರಿಡಾ ಕಡೆಯ ಕಾಡಿನದು ರ‍್ಯಾಬಿಟ್‌ಐ. ಕಾಯಿ ಮಾಗುವ ಮುನ್ನ ಬಿಳಿ ಮೊಲದ ಕಣ್ಣಿನಂತೆ ಗುಲಾಬಿಯಾಗುವುದರಿಂದ ಆ ಹೆಸರು. ಸೆಕೆಯನ್ನೂ ಬರವನ್ನೂ ಉಳಿದವಕ್ಕಿಂತ ಚೆನ್ನಾಗಿ ತಾಳುತ್ತದೆ, ಸಿಪ್ಪೆ ಮಾತ್ರ ಸ್ವಲ್ಪ ದಪ್ಪ. ನಮ್ಮಂಥ ಸೀಮೆಯವರು ಕಿವಿಗೊಡಬೇಕಾದದ್ದು ಸದರ್ನ್ ಹೈಬುಷ್‌ನ ಕಥೆಗೆ. ಫ್ಲಾರಿಡಾ ವಿಶ್ವವಿದ್ಯಾಲಯದ ರಾಲ್ಫ್ ಶಾರ್ಪ್ ಎಂಬ ತಳಿವಿಜ್ಞಾನಿ ಉತ್ತರದ ಹೈಬುಷ್ ಅನ್ನು ಫ್ಲಾರಿಡಾದ ಕಾಡಿನ ಒಂದು ನಿತ್ಯಹರಿದ್ವರ್ಣ ಜಾತಿಯೊಂದಿಗೆ ಕೂಡಿಸಿ, ಚಳಿಯ ಬೇಡಿಕೆಯನ್ನು ಕಡಿಮೆ ಮಾಡಿದ. ಆ ದಾರಿಯಲ್ಲಿ 1998ರಲ್ಲಿ ಮಿಸಿಸಿಪ್ಪಿಯಿಂದ ಬಂದ ‘ಬಿಲಾಕ್ಸಿ’ ತಳಿ ದಕ್ಷಿಣ ಅಮೆರಿಕದ ಪೆರು ದೇಶವನ್ನೇ ಬದಲಿಸಿತು. ಹೆಚ್ಚುಕಡಿಮೆ ಮಳೆಯೇ ಬೀಳದ ಪೆರುವಿನ ಮರಳುಗಾಡಿನ ಕರಾವಳಿಯಲ್ಲಿ, ಆಂಡೀಸ್ ಪರ್ವತದಿಂದ ತಂದ ಕಾಲುವೆ ನೀರು ಮತ್ತು ಹನಿ ನೀರಾವರಿಯಿಂದ ಎದ್ದ ತೋಟಗಳು ಹತ್ತೇ ವರ್ಷದಲ್ಲಿ ಆ ದೇಶವನ್ನು ಜಗತ್ತಿನ ಅತಿ ದೊಡ್ಡ ಬ್ಲೂಬೆರಿ ರಫ್ತುದಾರನನ್ನಾಗಿ ಮಾಡಿದವು. ಬೆಂಗಳೂರಿಗೆ ಬರುವ ಡಬ್ಬಿಗಳಲ್ಲೂ ಪೆರುವಿನ ಹೆಸರು ಕಾಣುತ್ತದೆ. ಅಮೆರಿಕದ ಬ್ಲೂಬೆರಿ, ಕ್ರ್ಯಾನ್‌ಬೆರಿಗಳ ಮೇಲಿನ ಸುಂಕ ಇಳಿಸಲು ಭಾರತ 2023ರಲ್ಲಿ ಒಪ್ಪಿದ ಮೇಲೆ ಆ ಕಡೆಯ ಹಣ್ಣಿಗೂ ಹಾದಿ ಸುಗಮವಾಗಿದೆ.

ಹಾಗಾದರೆ ಭದ್ರಾ ಮೇಲ್ದಂಡೆಯ ನೀರು ಬಂದಾಗ ಚಿತ್ರದುರ್ಗವೂ ಪೆರು ಆಗಬಾರದೇಕೆ ಎಂಬ ಪ್ರಶ್ನೆ ಸಹಜ. ಪೆರುವಿನಲ್ಲಿ ನೆಲ ಬರೀ ಮರಳು. ಅದಕ್ಕೆ ತನ್ನದೇ ಗುಣ ಕಡಿಮೆ, ಹಾಕಿದ್ದನ್ನು ಒಪ್ಪಿಕೊಳ್ಳುತ್ತದೆ. ನೀರಿಗೆ ಆಮ್ಲ ಬೆರೆಸಿ, ಗೊಬ್ಬರ ಬೆರೆಸಿ, ದಿನವೂ ಅಳೆದು ಬಿಡುವ ಯಂತ್ರಗಳನ್ನು ದೊಡ್ಡ ಕಂಪನಿಗಳು ಹೂಡಿವೆ. ಎರೆ ಮಣ್ಣು ಹಾಗಲ್ಲ, ಸುರಿದ ಆಮ್ಲವನ್ನು ನುಂಗಿ ತಾನಿದ್ದಂತೆ ಇರುತ್ತದೆ. ನಮ್ಮಲ್ಲಿ ಬೆಳೆಯಲೇಬೇಕೆಂದರೆ ನೆಲ ಬಿಟ್ಟು ಚೀಲದಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಮಳೆನೀರು ಕೂಡಿಟ್ಟೋ ನೀರು ಶುದ್ಧಮಾಡಿಯೋ ಹುಳಿ ಬೆರೆಸಿ, ನೆರಳುಪರದೆಯಡಿ ಬೆಳೆಯಬೇಕು. ಹಾಗೆ ಮಾಡುವವರು ದೇಶದಲ್ಲಿ ಅಲ್ಲಲ್ಲಿ ಇದ್ದಾರೆ. ಬಂಡವಾಳವಿದ್ದು, ನಷ್ಟ ತಾಳುವ ಶಕ್ತಿಯಿದ್ದವರು ಮಾಡಲಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ನಂಬಿ ಮೆಕ್ಕೆಜೋಳ, ಈರುಳ್ಳಿ ಬಿತ್ತುವ ಎರಡು ಎಕರೆಯ ರೈತನಿಗೆ ಇದು ಬೆಳೆಯಲ್ಲ ಎಂದೇ ನಾನು ಹೇಳುತ್ತೇನೆ.

ಇನ್ನು ಹಣ್ಣನ್ನು ಗುರುತಿಸುವ ಮಾತು. ಒಳ್ಳೆಯ ಬ್ಲೂಬೆರಿಯ ಮೇಲೆ ಬೂದಿ ಹುಡಿ ಕೂತಂತೆ ತೆಳ್ಳನೆಯ ಮೇಣವಿರುತ್ತದೆ. ಉಜ್ಜಿದರೆ ಹಣ್ಣು ನೀಲಿಯಾಗಿ ಉಳಿಯುವುದಿಲ್ಲ, ಕಪ್ಪುಗೆಂಪಾಗುತ್ತದೆ. ಸಿಪ್ಪೆಯಲ್ಲಿರುವ ಬಣ್ಣ ಆಂಥೋಸಯನಿನ್, ಅದು ಕಡುಗೆಂಪು. ನೀಲಿ ಕಾಣುವುದು ಮೇಣದ ಸೂಕ್ಷ್ಮ ಕಣಗಳ ಜೋಡಣೆ ನೀಲಿ ಬೆಳಕನ್ನೂ ಅತಿನೇರಳೆ ಕಿರಣವನ್ನೂ ಹೆಚ್ಚು ಚದುರಿಸುವುದರಿಂದ ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ತೋರಿಸಿದರು. ಅತಿನೇರಳೆ ಕಾಣಬಲ್ಲ ಹಕ್ಕಿಗಳಿಗೆ ಆ ಹಣ್ಣು ನಮಗಿಂತ ಢಾಳಾಗಿ ಕಾಣುತ್ತದೆ. ನಮ್ಮ ಗುಡ್ಡಗಳನ್ನು ಮುತ್ತಿರುವ ಲಂಟಾನದ ಹಣ್ಣಿನ ಮಿರುಗುವ ನೀಲಿಗಪ್ಪೂ ಇದೇ ಬಗೆಯದು. ಅಲ್ಲಿ ಮೇಣದ ಬದಲು ಸಿಪ್ಪೆಯ ಕೋಶಗಳಲ್ಲಿನ ಕೊಬ್ಬಿನ ಹನಿಗಳು ಆ ಕೆಲಸ ಮಾಡುತ್ತವೆ. ದನ ಕಾಯುವ ಮಕ್ಕಳು ಲಂಟಾನದ ಹಣ್ಣು ತಿನ್ನುವುದುಂಟು. ಹಸಿರು ಕಾಯಿ ವಿಷ ಎಂಬುದನ್ನು ಅವರಿಗೆ ಹೇಳಿರಬೇಕು.

ಹಣ್ಣಿನ ತುದಿ ನೋಡಿ. ದಾಳಿಂಬೆಯ ಕಿರೀಟವನ್ನು ಗೋಲಿಯ ಗಾತ್ರಕ್ಕೆ ಕುಗ್ಗಿಸಿದರೆ ಹೇಗೋ ಹಾಗೆ ಬ್ಲೂಬೆರಿಯ ತುದಿಯಲ್ಲಿ ಐದು ಮೂಲೆಯ ಪುಟ್ಟ ಕಿರೀಟವಿದೆ. ಹೂವಿನ ಪುಷ್ಪಪಾತ್ರೆ ಅಂಡಾಶಯದ ಮೇಲೆ ಕೂತಿದ್ದರ ಗುರುತು ಅದು. ದ್ರಾಕ್ಷಿಗೂ ಗಣಿಕೆಗೂ ತುದಿ ನುಣುಪು. ಕೊಯ್ದರೆ ಬ್ಲೂಬೆರಿಯ ತಿರುಳು ಬಿಳಿಹಸಿರು, ಬೀಜ ಬಾಯಿಗೆ ತಿಳಿಯದಷ್ಟು ಸಣ್ಣದು. ಯುರೋಪಿನ ಕಾಡಿನ ಬಿಲ್‌ಬೆರಿ ಇದರ ಸ್ವಂತ ದಾಯಾದಿ. ಗೊಂಚಲಾಗಿ ಬಿಡದೆ ಒಂಟಿಯಾಗಿ ಬಿಡುತ್ತದೆ. ಅದರ ತಿರುಳೂ ನೇರಳೆಯೇ, ತಿಂದವರ ನಾಲಗೆ, ಹಲ್ಲು ಎಲ್ಲ ಬಣ್ಣ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳು ಬಿಲ್‌ಬೆರಿ ಜಾಮ್ ತಿಂದು ಕತ್ತಲಲ್ಲಿ ಚೆನ್ನಾಗಿ ಕಂಡರು ಎಂಬ ಕಥೆ ಮಾತ್ರೆ ಮಾರುವವರಿಗೆ ಇಷ್ಟ. ಆಮೇಲಿನ ಪರೀಕ್ಷೆಗಳು ಅದನ್ನು ಎತ್ತಿಹಿಡಿಯಲಿಲ್ಲ. ಕ್ರ್ಯಾನ್‌ಬೆರಿಯೂ ಅದೇ ಕುಲ, ನೆಲಕ್ಕೆ ಹಬ್ಬುವ ಬಳ್ಳಿ, ಬರಿದೇ ತಿನ್ನಲಾಗದಷ್ಟು ಹುಳಿ. ಅಮೆರಿಕದ ಹಕಲ್‌ಬೆರಿ ನೋಡಲು ಬ್ಲೂಬೆರಿಯೇ, ಜಗಿದಾಗ ಹತ್ತು ಗಟ್ಟಿ ಬೀಜ ಹಲ್ಲಿಗೆ ಸಿಗುತ್ತವೆ. ಸಸ್ಕಟೂನ್ ಎಂಬುದಕ್ಕೆ ಕಿರೀಟವೂ ಇದೆ, ನೀಲಿಯೂ ಇದೆ. ಆದರೆ ಅದು ಸೇಬಿನ ಕುಟುಂಬದ್ದು. ರಾಸ್ಪ್‌ಬೆರಿ, ಹಿಪ್ಪುನೇರಳೆಗಳು ಹಲವು ಪುಟ್ಟ ಹಣ್ಣುಗಳು ಕೂಡಿ ಆದವು, ಅವುಗಳ ದಾರಿಯೇ ಬೇರೆ.

ನಮ್ಮ ಗಣಿಕೆ ಹಣ್ಣಿಗೂ ಬ್ಲೂಬೆರಿಗೂ ಒಮ್ಮೆ ಅಮೆರಿಕದಲ್ಲಿ ದೊಡ್ಡ ಜಗಳವೇ ನಡೆದಿತ್ತು. ಹೆಸರಾಂತ ತಳಿಗಾರ ಲೂಥರ್ ಬರ್ಬ್ಯಾಂಕ್ ತಾನು ಸೃಷ್ಟಿಸಿದೆನೆಂದ ಒಂದು ಕಪ್ಪು ಹಣ್ಣಿನ ಗಿಡವನ್ನು ಬೀಜದ ವ್ಯಾಪಾರಿಯೊಬ್ಬ 1909ರಲ್ಲಿ ‘ವಂಡರ್‌ಬೆರಿ’ ಎಂದು ದೇಶಕ್ಕೆಲ್ಲ ಮಾರಿದ. ಬ್ಲೂಬೆರಿಯ ಬದಲು ಇದನ್ನೇ ಕಡುಬಿಗೆ ತುಂಬಿ ಎಂಬ ಪ್ರಚಾರ ಜೋರಾಗಿತ್ತು. ರೈತರ ಪತ್ರಿಕೆಯೊಂದು ಇದು ಬರೀ ಕಳೆ, ಗಣಿಕೆಯ ಜಾತಿಯದ್ದೇ ಎಂದು ಬರೆಯಿತು. ವಾದ ವರ್ಷಗಟ್ಟಲೆ ಎಳೆಯಿತು. ಗಣಿಕೆ ಬದನೆ, ಟೊಮೆಟೊಗಳ ಕುಟುಂಬದ್ದು. ಮೆಕ್ಕೆಜೋಳದ ಸಾಲಿನಲ್ಲಿ, ಈರುಳ್ಳಿ ಮಡಿಯ ಬದಿಯಲ್ಲಿ ತಾನಾಗಿ ಬರುತ್ತದೆ. ಸೊಪ್ಪು ಬೇಯಿಸಿ ಸಾರು ಮಾಡುತ್ತೇವೆ, ಕಪ್ಪಾಗಿ ಮಾಗಿದ ಹಣ್ಣನ್ನು ಹಾಗೇ ತಿನ್ನುತ್ತೇವೆ. ಹಸಿರು ಕಾಯಿಯಲ್ಲಿ ಸೋಲನೈನ್ ಇರುತ್ತದೆ, ಅದನ್ನು ತಿನ್ನಬಾರದು. ಗಣಿಕೆಗೂ ಬ್ಲೂಬೆರಿಗೂ ಒಂದು ಸಾಮ್ಯವಿರುವುದು ಹೂವಿನಲ್ಲಿ. ಎರಡರಲ್ಲೂ ಪರಾಗಕೋಶದ ತುದಿಯ ಸಣ್ಣ ರಂಧ್ರದಿಂದ ಪರಾಗ ಉದುರಬೇಕು, ಅದಕ್ಕೆ ದುಂಬಿ ಬಂದು ಹೂವನ್ನು ಹಿಡಿದು ಗುಂಯ್‌ಗುಟ್ಟಿ ಅಲುಗಿಸಬೇಕು. ಜೇನ್ನೊಣಕ್ಕೆ ಆ ವಿದ್ಯೆ ಬರುವುದಿಲ್ಲ.

ಕರ್ನಾಟಕದ ನೆರೆಯಲ್ಲಿ ನಿಜವಾದ ಬ್ಲೂಬೆರಿಯ ನೆಂಟರು ಇದ್ದಾರೆ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ನೀಲಗಿರಿಯಲ್ಲಿ, ಎತ್ತರದ ಶೋಲಾ ಕಾಡಿನ ಅಂಚಿನಲ್ಲಿ, ವ್ಯಾಕ್ಸೀನಿಯಂ ಕುಲದ ಎರಡು ಜಾತಿಗಳು ಸಣ್ಣ ಮರಗಳಾಗಿ ಬೆಳೆಯುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಅವನ್ನು ವಿವರಿಸಿದ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್, ಒಂದಕ್ಕೆ ನೀಲಗಿರಿಯ ಹೆಸರನ್ನೂ ಇನ್ನೊಂದಕ್ಕೆ ಲೆಶನೊ ಎಂಬ ಫ್ರೆಂಚ್ ಸಸ್ಯ ಸಂಗ್ರಾಹಕನ ಹೆಸರನ್ನೂ ಇಟ್ಟ. ಹಣ್ಣು ಬಟಾಣಿಗಿಂತ ದೊಡ್ಡದೇನಲ್ಲ. ಅಲ್ಲಿಯೂ ಅದೇ ಸೂತ್ರ: ತಂಪು, ಮಂಜು, ಹುಳಿ ಮಣ್ಣು, ಪಕ್ಕದಲ್ಲಿ ರೋಡೋಡೆಂಡ್ರಾನ್.

ನಮ್ಮ ಜೋಗಿಮಟ್ಟಿಯ ಗುಡ್ಡಸಾಲಿಗೆ ಆ ತಂಪೂ ಇಲ್ಲ, ಆ ಹುಳಿಯೂ ಇಲ್ಲ. ಅದರ ಕುರುಚಲು ಕಾಡಿನಲ್ಲಿ ಇರುವುದು ಕವಳೆ. ಕರಾವಳಿಯವರು ಕರಂಡೆ ಎನ್ನುವ ಹಣ್ಣಿನ ಬಯಲುಸೀಮೆಯ ಒಡಹುಟ್ಟು. ಬಂಡೆಗಳ ಸಂದಿನಲ್ಲಿ, ಬೇಸಿಗೆಯ ಉರಿಯಲ್ಲಿ, ಯಾರೂ ನೀರು ಕೊಡದೆ ಬೆಳೆಯುವ ಮುಳ್ಳುಪೊದೆ. ಮಲ್ಲಿಗೆಯಂಥ ಬಿಳಿ ಹೂವು ಬಿಟ್ಟು, ಮುಂಗಾರಿನ ಮುಂಚೂಣಿಯಲ್ಲಿ ಕೆಂಪಾಗಿ, ಆಮೇಲೆ ಕಪ್ಪಾಗಿ ಮಾಗುತ್ತದೆ. ಕಿತ್ತರೆ ತೊಟ್ಟಿನಲ್ಲಿ ಹಾಲು ಬರುತ್ತದೆ. ಅದು ಕಣಗಿಲೆ, ಎಕ್ಕದ ಕುಟುಂಬದ್ದು. ಬ್ಲೂಬೆರಿಯಲ್ಲಿ ಹಾಲೂ ಇಲ್ಲ, ಮುಳ್ಳೂ ಇಲ್ಲ. ಕವಳೆಯಲ್ಲಿ ಪೆಕ್ಟಿನ್ ಹೇರಳ, ಜೆಲ್ಲಿಯಾಗಿ ಚೆನ್ನಾಗಿ ಹೆಪ್ಪುಗಟ್ಟುತ್ತದೆ. ನಾವು ಬೇಕರಿಯ ಕೇಕಿನ ಮೇಲೆ, ಬೀಡಾದೊಳಗೆ ಚೆರ್ರಿ ಎಂದು ತಿನ್ನುವುದು ಬಹುಮಟ್ಟಿಗೆ ಈ ಕರಂಡೆಯ ಕಾಯಿಯೇ. ಬಣ್ಣ ತೆಗೆದು, ಕೆಂಪು ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ಅದ್ದಿದ್ದು. ಬೇರೆಯವರ ಹೆಸರು ಹೊತ್ತು ಮಾರುಕಟ್ಟೆಗೆ ಹೋಗಬೇಕಾದ ಗತಿ ಈ ಹಣ್ಣಿಗೆ ಬಂದದ್ದು ನನಗೆ ನೋವಿನ ಸಂಗತಿ. ಪಂತನಗರದ ಕೃಷಿ ವಿಶ್ವವಿದ್ಯಾಲಯ ಕರಂಡೆಯಲ್ಲಿ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಎಂಬ ತಳಿಗಳನ್ನು ಆರಿಸಿ ಕೊಟ್ಟಿದೆ. ಎಲಿಜಬೆತ್ ವೈಟ್ ಮಾಡಿದಂತೆ ಜೋಗಿಮಟ್ಟಿಯ ಸುತ್ತ ಕುರಿ ಕಾಯುವವರನ್ನು ಕೇಳಿ, ಯಾವ ಬಂಡೆಯ ಮಗ್ಗುಲಿನ ಕವಳೆ ದಪ್ಪ, ಯಾವುದು ಸಿಹಿ ಎಂದು ಗುರುತು ಹಾಕಿಕೊಳ್ಳುವ ಕೆಲಸ ನಮ್ಮಲ್ಲಿ ಆಗಬೇಕು. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವೇ ಇದೆ, ದೂರ ಹೋಗಬೇಕಿಲ್ಲ.

ನೇರಳೆಯ ಮಾತು ಬಂದರೆ ಪೇಟೆಯವರು ಇದು ಭಾರತದ ಬ್ಲೂಬೆರಿ ಎನ್ನುತ್ತಾರೆ. ಸಂಬಂಧ ಏನೂ ಇಲ್ಲ. ನೇರಳೆ ಪೇರಲ, ಲವಂಗ, ನೀಲಗಿರಿ ಮರಗಳ ಕುಟುಂಬ. ತುದಿಯಲ್ಲಿ ಬ್ಲೂಬೆರಿಯಂತೆಯೇ ಒಂದು ಉಂಗುರದ ಗುಳಿ ಇದೆ, ಆದರೆ ಒಳಗೆ ದೊಡ್ಡ ಬೀಜ, ನಾಲಗೆ ಹಿಡಿಯುವ ಒಗರು. ಬಣ್ಣ ಮಾತ್ರ ಎರಡರಲ್ಲೂ ಅದೇ ಆಂಥೋಸಯನಿನ್ ಗುಂಪಿನದು. ಬ್ಲೂಬೆರಿ ಸಿಪ್ಪೆಯಲ್ಲಿ ಮಾತ್ರ ಅದನ್ನು ಇಟ್ಟುಕೊಂಡಿದೆ, ಕಳಿತ ನೇರಳೆಯಲ್ಲಿ ತಿರುಳಿಗೂ ಇಳಿದಿರುತ್ತದೆ. ಎರಡರಲ್ಲೂ ನೂರು ಗ್ರಾಮಿಗೆ ಅರವತ್ತರ ಆಸುಪಾಸು ಕ್ಯಾಲೊರಿ, ಎಂಬತ್ತು ಗ್ರಾಮಿಗೂ ಮಿಕ್ಕಿ ನೀರು. ಬ್ಲೂಬೆರಿಯನ್ನು ಮಹಾಹಣ್ಣು ಮಾಡಿದ್ದು ಆಂಟಿಆಕ್ಸಿಡೆಂಟ್ ಅಂಕಪಟ್ಟಿ. ಪ್ರಯೋಗನಾಳದ ಆ ಅಂಕಿಗೂ ಮೈಯೊಳಗಿನ ಪರಿಣಾಮಕ್ಕೂ ನೇರ ಸಂಬಂಧ ಸಿಗಲಿಲ್ಲವೆಂದು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ತನ್ನ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಬ್ಲೂಬೆರಿ ಒಳ್ಳೆಯ ಹಣ್ಣು, ಸಿಕ್ಕಿದರೆ ತಿನ್ನಬೇಕು. ನೇರಳೆ ಬೀಜದ ಪುಡಿ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವವರಿಗೂ, ಬ್ಲೂಬೆರಿ ರಸ ನಂಬಿ ಬಿಡುವವರಿಗೂ ನಾನು ಹೇಳುವ ಮಾತು ಒಂದೇ: ಬಿಡಬೇಡಿ.

ಬ್ಲೂಬೆರಿಯ ಆಸೆ ಬಿಟ್ಟು ಬದುವಿಗೆ ಕವಳೆ, ಕೆರೆಯ ಹಿಂದಿನ ಜಾಗಕ್ಕೆ ನೇರಳೆ ಹಾಕುವವರು ಒಂದು ವಿಷಯ ಗಮನದಲ್ಲಿಡಬೇಕು. ಈ ಎರಡರ ಬೀಜವನ್ನೂ ರಾಗಿಯಂತೆ ಒಣಗಿಸಿ ಇಡಲು ಬರುವುದಿಲ್ಲ. ತೇವ ಆರಿದರೆ ಜೀವ ಹೋಗುತ್ತದೆ. ಹಣ್ಣು ತಿಂದ ವಾರದೊಳಗೆ ತೊಳೆದು, ನೆರಳಿನಲ್ಲಿ, ಚೀಲದ ಮಣ್ಣಿಗೆ ಊರಬೇಕು. ನೇರಳೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು, ಗಟ್ಟಿಯಾದ ಒಂದನ್ನು ಉಳಿಸಿಕೊಂಡರೆ ಸಾಕು. ಬೀಜದ ನೇರಳೆ ಫಲಕ್ಕೆ ಎಂಟು ಹತ್ತು ವರ್ಷ ಕಾಯಿಸುತ್ತದೆ. ಬೇಗ ಬೇಕೆಂದರೆ ಕಸಿ ಸಸಿಯೇ ಆಗಬೇಕು. ಕವಳೆ ಮೂರು ನಾಲ್ಕು ವರ್ಷಕ್ಕೆ ಬಿಡುತ್ತದೆ. ಎರಡು ಮೂರು ಅಡಿಗೊಂದು ನೆಟ್ಟರೆ ಅಷ್ಟರಲ್ಲಿ ಹಂದಿಯೂ ನುಸುಳದ ಬೇಲಿ ಆಗಿರುತ್ತದೆ.